ಒಂದಕ್ಕೆ ಬಿಡಿ ಸಾರ್, ನೀರೂ ಕುಡಿಯಲಿ

ಸಿಕಲ್ ಸೆಲ್ ಅಂದರೆ ಅಪ್ಪ ಅಮ್ಮ ಇಬ್ಬರಿಂದಲೂ ಬರುವ ಒಂದು ರಕ್ತದ ಕಾಯಿಲೆ. ಅದು ಇರುವ ಮಗುವಿಗೆ ಶಾಲೆಯವರು ಮಾಡಬಹುದಾದ ದೊಡ್ಡ ಉಪಕಾರ ಎರಡು. ಕೇಳಿದಾಗ ನೀರು ಕುಡಿಯಲು ಬಿಡುವುದು, ಕೇಳಿದಾಗ ಒಂದಕ್ಕೆ ಹೋಗಲು ಬಿಡುವುದು. ತಮಾಷೆ ಮಾಡ್ತಿಲ್ಲ. ನಾನು ಕಾಡಂಚಿನ ಆಶ್ರಮ ಶಾಲೆಯ ಮೇಷ್ಟ್ರು. ಸೋಲಿಗ ಬುಡಕಟ್ಟಿನವರ ಪೋಡುಗಳಿಂದ, ಅಂದರೆ ಕಾಡಿನ ಹಾಡಿಗಳಿಂದ, ಬರುವ ಮಕ್ಕಳಲ್ಲಿ ಈ ಕಾಯಿಲೆ ಇರುವವರನ್ನು ನೋಡುತ್ತಾ ಬಂದಿದ್ದೇನೆ. ಅವರ ಬಗ್ಗೆ ಸ್ಟಾಫ್ ರೂಮಿನಲ್ಲಿ ಜಾಸ್ತಿ ಕೇಳಿಬರುವ ಮಾತು, “ಎಲ್ಲಾ ನಾಟಕ ಸಾರ್, ಪಾಠ ತಪ್ಪಿಸೋಕೆ.” ಅಲ್ಲಿ ಬಾಯಲ್ಲಿ ಹೇಳಿ ಸಾಕಾಗಿದೆ, ಇಲ್ಲಿ ಬರೀತಿದ್ದೇನೆ.

ನಮ್ಮ ಮೈಯ ಅತಿ ಸಣ್ಣ ರಕ್ತನಾಳಗಳ ಒಳಗೆ ಏನಾಗುತ್ತದೆ ಅಂತ ಸ್ವಲ್ಪ ತಿಳಿದುಕೊಂಡರೆ ಸಾಕು. ಕೆಂಪು ರಕ್ತಕಣದ ಅಗಲ ಸುಮಾರು 7-8 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಅದು ಹಾದುಹೋಗಬೇಕಾದ ಲೋಮನಾಳಗಳಲ್ಲಿ ಕೆಲವು ಅದಕ್ಕಿಂತಲೂ ಕಿರಿದು. ಒಳ್ಳೆಯ ಕಣ ಮೆತ್ತಗಿರುತ್ತದೆ. ಮಡಿಚಿಕೊಂಡು, ತೂರಿಕೊಂಡು, ಆಮ್ಲಜನಕ ಇಳಿಸಿ ಆಚೆ ಹೋಗುತ್ತದೆ. ಕಣದೊಳಗೆ ಆಮ್ಲಜನಕ ಹೊರುವುದು ಹಿಮೋಗ್ಲೋಬಿನ್ ಅನ್ನುವ ಪ್ರೋಟೀನು. ಸಿಕಲ್ ಸೆಲ್ ಇರುವವರ ಹಿಮೋಗ್ಲೋಬಿನ್‌ನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿರುತ್ತದೆ. ಆಮ್ಲಜನಕ ಇಳಿಸಿದ ಮೇಲೆ ಆ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿ ಎಳೆ ಎಳೆಯಾಗಿ ಕಟ್ಟಿಕೊಳ್ಳುತ್ತದೆ. ಕಣ ಬಿರುಸಾಗುತ್ತದೆ, ಕುಡುಗೋಲಿನ ಹಾಗೆ ಬಾಗುತ್ತದೆ.

ಆದರೆ ಇದು ಆ ಕ್ಷಣಕ್ಕೇ ಆಗುವುದಿಲ್ಲ. ಎಳೆ ಕಟ್ಟಲು ಸ್ವಲ್ಪ ಹೊತ್ತು ಬೇಕು. ಲೋಮನಾಳ ದಾಟಲು ಕಣಕ್ಕೆ ಬೇಕಾಗುವುದು ಹೆಚ್ಚುಕಡಿಮೆ ಒಂದು ಸೆಕೆಂಡು. ಎಳೆ ಕಟ್ಟುವ ಮೊದಲೇ ದಾಟಿಬಿಟ್ಟರೆ ಶ್ವಾಸಕೋಶಕ್ಕೆ ಹೋಗಿ ಮತ್ತೆ ಆಮ್ಲಜನಕ ತುಂಬಿಕೊಂಡು ಮೆತ್ತಗಾಗುತ್ತದೆ. ತಡವಾದರೆ ಸಿಕ್ಕಿಹಾಕಿಕೊಳ್ಳುತ್ತದೆ, ಮುಂದಕ್ಕೆ ರಕ್ತ ಹೋಗದೆ ನೋವು ಶುರುವಾಗುತ್ತದೆ. ಹೀಗೆ ಪದೇ ಪದೇ ಬಿರುಸಾಗಿ ಹದಗೆಟ್ಟ ಕಣ ಬೇಗ ಸಾಯುತ್ತದೆ. ಮಾಮೂಲಿ ಕಣ 120 ದಿನ ಬದುಕಿದರೆ ಇದು 10-20 ದಿನ ಬದುಕಿದರೆ ಹೆಚ್ಚು. ಆ ಮಕ್ಕಳು ಬಿಳಿಚಿಕೊಂಡು ಬೇಗ ಸುಸ್ತಾಗುವುದು ಅದಕ್ಕೇ.

ಬರೀ ಆಕಾರದ ಕಥೆಯೂ ಅಲ್ಲ ಇದು. ಈ ಕಾಯಿಲೆಯಲ್ಲಿ ರಕ್ತನಾಳದ ಒಳಗೋಡೆಯೇ ಅಂಟಂಟಾಗಿರುತ್ತದೆ. ಲೋಮನಾಳ ದಾಟಿದ ಮೇಲೆ ಬರುವ ಪುಟ್ಟ ಅಭಿಧಮನಿಗಳಲ್ಲಿ ಬಿಳಿ ರಕ್ತಕಣಗಳು ಗೋಡೆಗೆ ಕಚ್ಚಿಕೊಳ್ಳುತ್ತವೆ, ಅವಕ್ಕೆ ಕೆಂಪುಕಣಗಳು ಅಂಟುತ್ತವೆ. ಮುಂದೆ ದಾರಿ ಕಟ್ಟಿದರೆ ಹಿಂದಿನದೂ ನಿಧಾನ. ನಿಧಾನವಾದಷ್ಟೂ ಇನ್ನಷ್ಟು ಕಣ ಬಿರುಸು. ಸೋಂಕು ಬಂದು ಬಿಳಿಕಣ ಹೆಚ್ಚಾದಾಗ ನೋವು ಕೆರಳುವುದಕ್ಕೆ ಇದೂ ಒಂದು ಕಾರಣ.

ಈಗ ನಮ್ಮ ಹಾಸ್ಟೆಲ್ಲಿನ ಬೆಳಗನ್ನು ನೆನೆಸಿಕೊಳ್ಳಿ. ಮಾಗಿ ಚಳಿ, ಬೆಟ್ಟದ ಗಾಳಿ. ತಣ್ಣೀರು ಸ್ನಾನ, ಆಮೇಲೆ ಪಿ.ಟಿ. ಚಳಿಗೆ ಚರ್ಮದ ನಾಳಗಳು ಮುದುಡುತ್ತವೆ, ರಕ್ತ ನಿಧಾನವಾಗುತ್ತದೆ. ಮೈಯಲ್ಲಿ ನೀರು ಕಡಿಮೆಯಾದರೆ ಕಣದ ಒಳಗೂ ಕಡಿಮೆಯಾಗಿ ಹಿಮೋಗ್ಲೋಬಿನ್ ಒತ್ತೊತ್ತಾಗುತ್ತದೆ. ಅದು ಚೂರು ಒತ್ತಾದರೂ ಎಳೆ ಕಟ್ಟುವ ಹೊತ್ತು ಸಿಕ್ಕಾಪಟ್ಟೆ ಇಳಿದುಬಿಡುತ್ತದೆ. ಶಿಸ್ತು ಅಂತ ನಾವು ಮಾಡಿಸುವ ಒಂದೊಂದೂ ಆ ಒಂದು ಸೆಕೆಂಡಿನ ಮೇಲೆ ಕಲ್ಲು ಹೇರಿದ ಹಾಗೆ.

ಇನ್ನು ಒಂದಕ್ಕೆ ಹೋಗುವ ವಿಷಯ. ಮೂತ್ರಪಿಂಡದ ಒಳಭಾಗದಲ್ಲಿ ಆಮ್ಲಜನಕ ಕಡಿಮೆ, ಉಪ್ಪು ಜಾಸ್ತಿ. ಕಣ ಬಾಗಲು ಹೇಳಿ ಮಾಡಿಸಿದ ಜಾಗ. ಅಲ್ಲಿನ ಸಣ್ಣ ನಾಳಗಳು ಚಿಕ್ಕ ವಯಸ್ಸಿನಲ್ಲೇ ಹಾಳಾಗುತ್ತವೆ. ಆಮೇಲೆ ಮೈಗೆ ನೀರು ಉಳಿಸಿಕೊಳ್ಳಲು ಆಗುವುದಿಲ್ಲ, ಮೂತ್ರ ತೆಳ್ಳಗೆ, ಜಾಸ್ತಿ ಜಾಸ್ತಿ ಹೋಗುತ್ತದೆ. ರಾತ್ರಿ ಹಾಸಿಗೆ ಒದ್ದೆಯಾಗುತ್ತದೆ. ಆರನೇ ಕ್ಲಾಸಿನ ಹುಡುಗ ನಾಚಿಕೆಗೆ ಸಂಜೆಯಿಂದ ನೀರೇ ಮುಟ್ಟುವುದಿಲ್ಲ. ಬೆಳಿಗ್ಗೆ ಕಾಲು ನೋವು ಅಂತ ಮಲಗಿರುತ್ತಾನೆ. ನಾವು ನಾಟಕ ಅನ್ನುತ್ತೇವೆ.

ನೋವು ಕಾಣದೇ ಇರುವುದೇ ಈ ಮಕ್ಕಳ ದುರದೃಷ್ಟ. ಮೂಳೆಯೊಳಗೆ ರಕ್ತ ನಿಂತಿರುತ್ತದೆ. ಹೊರಗೆ ಎಷ್ಟೋ ಸಲ ಬಾವೂ ಇಲ್ಲ, ಗಾಯವೂ ಇಲ್ಲ. ಒಂದು ಆಸ್ಪತ್ರೆಯಲ್ಲಿ ನಮ್ಮ ಹುಡುಗಿಗೆ ಪ್ಯಾರಾಸಿಟಮಾಲ್ ಕೊಟ್ಟು ಕಳಿಸಿದರು. ಮಾರ್ಫಿನ್ ಬೇಕಾಗುವಷ್ಟು ನೋವು ಇದರಲ್ಲಿ ಬರುತ್ತದೆ ಅನ್ನುವುದು ಡಾಕ್ಟರಿಗೆ ಗೊತ್ತಿಲ್ಲದೆ ಇರುತ್ತಾ? ಪೋಡಿನ ಹುಡುಗಿ, ಗಟ್ಟಿಯಾಗಿ ಅಳಲಿಲ್ಲ, ಅಷ್ಟೇ.

1952ರಲ್ಲೇ ಲೆಹ್ಮನ್ ಮತ್ತು ಕಟ್‌ಬುಷ್ ಅನ್ನುವ ಸಂಶೋಧಕರು ನೀಲಗಿರಿಯ ಬುಡಕಟ್ಟು ಜನರಲ್ಲಿ ಇದನ್ನು ಗುರುತಿಸಿದ್ದರು. ನೀಲಗಿರಿ ನಮಗೇನು ದೂರವಾ? ದೇಶದ ಮಟ್ಟದ ನಿರ್ಮೂಲನಾ ಮಿಷನ್ ಶುರುವಾಗಿದ್ದು 2023ರ ಜುಲೈ 1ರಂದು, ಮಧ್ಯಪ್ರದೇಶದ ಶಹಡೋಲ್‌ನಲ್ಲಿ. 7 ಕೋಟಿ ಜನರ ತಪಾಸಣೆ, 2047ರ ಗುರಿ. ಒಳ್ಳೆಯದೇ, ಬೇಡ ಅನ್ನಲ್ಲ. ಆದರೆ ಕಾಯಿಲೆ ಇದೆಯೋ ಇಲ್ಲವೋ ಅಂತ ಬರೆದ ತಪಾಸಣೆಯ ಕಾರ್ಡು ಕೊಟ್ಟು ಫೋಟೋ ತೆಗೆಸಿಕೊಂಡ ಮೇಲೆ ಏನು? ಯಾರು ಯಾರನ್ನು ಮದುವೆಯಾಗಬಾರದು ಅನ್ನುವ ಉಪದೇಶಕ್ಕೆ ಇರುವ ಉತ್ಸಾಹ, ಈಗಾಗಲೇ ಹುಟ್ಟಿ ಕ್ಲಾಸಿನಲ್ಲಿ ಕೂತಿರುವ ಮಗುವಿನ ಮೇಲೂ ಇರಲಿ ಅಂತ ನನ್ನ ವಾದ.

ಹೈಡ್ರಾಕ್ಸಿಯೂರಿಯಾ ಅಂತ ಮಾತ್ರೆ ಇದೆ. ಅಮೆರಿಕದಲ್ಲಿ ಈ ಕಾಯಿಲೆಗೆ 1998ರಲ್ಲೇ ಒಪ್ಪಿಗೆ ಸಿಕ್ಕಿದೆ. ಹಸುಗೂಸಿನಲ್ಲಿ ಇರುವ ಬಗೆಯ ಹಿಮೋಗ್ಲೋಬಿನ್ನನ್ನು ಅದು ಮತ್ತೆ ಹೆಚ್ಚಿಸುತ್ತದೆ, ಎಳೆ ಕಟ್ಟುವುದು ತಡವಾಗುತ್ತದೆ. ಬಿಳಿಕಣಗಳನ್ನೂ ಇಳಿಸುತ್ತದೆ. ಡಾಕ್ಟರು ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಾ ಕೊಡಬೇಕು, ಮಗು ದಿನಾ ತಪ್ಪದೆ ನುಂಗಬೇಕು. ಹಾಸ್ಟೆಲ್ಲಿನಲ್ಲಿ ಇದನ್ನು ನೋಡಿಕೊಳ್ಳುವವರು ಯಾರು? ವಾರ್ಡನ್ನಾ, ಅಡುಗೆಯವರಾ? ಇದಕ್ಕೆ ಇಂಥವರೇ ಅಂತ ಒಬ್ಬರ ಹೆಸರು ಬರೆದಿಡುವುದಕ್ಕೆ ಸರ್ಕಾರಿ ಆದೇಶ ಬೇಕಾಗಿಲ್ಲ.

ಉಳಿದದ್ದೂ ದುಬಾರಿಯಲ್ಲ. ಬಿಸಿನೀರು, ಸ್ವೆಟರ್, ಬೆಂಚಿನ ಮೇಲೆ ನೀರಿನ ಬಾಟಲಿ, ಸುಸ್ತು ಅಂದರೆ ಪಿ.ಟಿ.ಯಿಂದ ರಜೆ. ಜ್ವರ ಬಂದರೆ ಮಾತ್ರ ನಾಳೆ ನೋಡೋಣ ಅನ್ನಬೇಡಿ. ಸೋಂಕಿನ ವಿರುದ್ಧ ಕಾಯುವ ಅಂಗವಾದ ಗುಲ್ಮ (ಸ್ಪ್ಲೀನ್) ಈ ಮಕ್ಕಳಲ್ಲಿ ಎಳೆಯ ವಯಸ್ಸಿನಲ್ಲೇ ಕೆಲಸ ನಿಲ್ಲಿಸಿರುತ್ತದೆ, ಸೋಂಕು ರಕ್ತಕ್ಕೇರಲು ಒಂದು ರಾತ್ರಿ ಸಾಕು. ರಾತ್ರಿ ಎಷ್ಟು ಹೊತ್ತಾಗಿದ್ದರೂ 108ಕ್ಕೆ ಫೋನ್ ಮಾಡಿ, ಕಾರ್ಡು ಜೊತೆಯಲ್ಲಿ ಕೊಟ್ಟು ಕಳಿಸಿ.