ಮೊದಲು ಅರ್ಥ್, ಆಮೇಲೆ ಇಸಿಯು

ಹಳೆ ಕಾರ್ಬುರೇಟರ್ ಮಾರುತಿ 800 ಒಂದನ್ನು ತಂದು, ಬಿಚ್ಚಿ, ತುಕ್ಕು ತೆಗೆಸಿ, ತಾವೇ ಜೋಡಿಸಿದ ಇಸಿಯು (ಎಂಜಿನ್ನಿನ ಪೆಟ್ರೋಲ್, ಕಿಡಿ ಎರಡನ್ನೂ ನಡೆಸುವ ಪುಟ್ಟ ಕಂಪ್ಯೂಟರ್) ಹಾಕಿ ಇಂಜೆಕ್ಷನ್ ಗಾಡಿ ಮಾಡಬೇಕು ಅನ್ನುವ ಹುಡುಗರು ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಕಡಿಮೆಯೇನಿಲ್ಲ. ಮಾಡಲೇಬೇಕಾದ ಕೆಲಸ ಅದು. ಆದರೆ ಬಹಳ ಜನ ಮೊದಲು ಬೋರ್ಡ್ ತರಿಸುತ್ತಾರೆ, ಆಮೇಲೆ ಏಳಿಂಚಿನ ಸ್ಕ್ರೀನ್, ಕಡೆಗೆ ಉಳಿದ ದುಡ್ಡಿನಲ್ಲಿ ವೈರಿಂಗ್. ಇದು ಪೂರಾ ಉಲ್ಟಾ. ದುಡ್ಡು, ವೇಳೆ ಎರಡರಲ್ಲೂ ಅರ್ಧಕ್ಕಿಂತ ಹೆಚ್ಚು ಪಾಲು ಅರ್ಥ್ (ಕರೆಂಟು ಬ್ಯಾಟರಿಯ ನೆಗೆಟಿವ್ ಕಡೆಗೆ ವಾಪಸ್ ಹೋಗುವ ದಾರಿ), ವೈರಿಂಗ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ನಡೆಸುವ ಸ್ವಿಚ್), ಫ್ಯೂಸಿಗೇ ಹೋಗಬೇಕು. ರಾತ್ರಿ ಹತ್ತಕ್ಕೆ ಹಾವೇರಿ ಬೈಪಾಸಿನಲ್ಲಿ ಗಾಡಿ ನಿಂತರೆ, ಅಲ್ಲಿಗೆ ಬರುವ ಆಟೋ ಎಲೆಕ್ಟ್ರಿಷಿಯನ್ ಒಂದು ಮಲ್ಟಿಮೀಟರ್ ಹಿಡಿದು ತೊಂದರೆ ಹುಡುಕುವಂತಿರಬೇಕು. ಕಟ್ಟಿದವನ ಲ್ಯಾಪ್‌ಟಾಪ್ ಬಂದರೇ ಸೈ ಅನ್ನುವ ಗಾಡಿ ಇನ್ನೂ ಪೂರ್ತಿಯಾಗಿಲ್ಲ ಅಂತಲೇ ನನ್ನ ಲೆಕ್ಕ.

800 ಯಾಕೆ ಅಂದರೆ, 1983ರ ಡಿಸೆಂಬರ್‌ನಲ್ಲಿ ಶುರುವಾಗಿ 2014ರವರೆಗೆ ಬಂದ ಗಾಡಿ. 796 ಸಿಸಿ, ಮೂರು ಸಿಲಿಂಡರ್. ಅದರ ಇಂಜೆಕ್ಷನ್ ಮಾದರಿಯ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ), ಥ್ರಾಟಲ್ ಬಾಡಿ (ಗಾಳಿಯ ಕವಾಟ), ಇಂಜೆಕ್ಟರ್, ಟ್ಯಾಂಕಿನೊಳಗಿನ ಪಂಪ್ ಗುಜರಿಯಲ್ಲೂ ಸಿಗುತ್ತವೆ. ಮ್ಯಾನಿಫೋಲ್ಡ್ ಕೊಳ್ಳುವ ಮೊದಲು ನಿಮ್ಮ ಎಂಜಿನ್ನಿನ ಹಳೆ ಗ್ಯಾಸ್ಕೆಟ್ ಒಯ್ದು ಪೋರ್ಟಿನ (ಗಾಳಿ ಹಾಯುವ ತೂತಿನ) ಮೇಲಿಟ್ಟು ನೋಡಿ. ಬೋಲ್ಟ್ ತೂತು ಹೊಂದಿದರೆ ಸಾಲದು, ಪೋರ್ಟಿನ ಬಾಯಿಯೂ ಹೊಂದಬೇಕು.

ಎಂಜಿನ್ ಗಟ್ಟಿಯಿದೆಯೇ ಅನ್ನುವುದು ಎಲ್ಲಕ್ಕಿಂತ ಮೊದಲು. ಬಿಸಿ ಎಂಜಿನ್, ಮೂರೂ ಪ್ಲಗ್ ಹೊರಗೆ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಐದಾರು ಸುತ್ತು ಸೆಲ್ಫ್ ಹೊಡೆದು ಕಂಪ್ರೆಶನ್ ನೋಡಿ. ಮೂರು ಸಿಲಿಂಡರಿನ ನಡುವೆ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಇಸಿಯು ಮಾತು ಅಲ್ಲಿಗೇ ಬಿಡಿ. ಸುಟ್ಟ ವಾಲ್ವನ್ನು ಯಾವ ಸಾಫ್ಟ್‌ವೇರೂ ಸರಿಮಾಡುವುದಿಲ್ಲ. ಟಿಂಕರಿಂಗ್, ಪೇಂಟಿಂಗ್ ಕೂಡ ವೈರಿಂಗಿಗಿಂತ ಮೊದಲೇ ಮುಗಿಯಲಿ. ಆಮೇಲೆ ಎಲ್ಲಾದರೂ ವೆಲ್ಡಿಂಗ್ ಬಂದೇ ಬಂತು ಅಂದರೆ ಬ್ಯಾಟರಿಯ ಎರಡೂ ಟರ್ಮಿನಲ್ ತೆಗೆದು, ಇಸಿಯು ಪ್ಲಗ್ ಬಿಚ್ಚಿ ಹೊರಗಿಟ್ಟ ಮೇಲೇ ವೆಲ್ಡಿಂಗ್ ರಾಡ್ ಮುಟ್ಟಿಸಬೇಕು.

ಈಗ ಅರ್ಥ್. "ಅರ್ಥ್ ಐತ್ರೀ, ಚೆಕ್ ಮಾಡೇನಿ" ಅಂತಾರೆ. ಹೇಗೆ ಚೆಕ್ ಮಾಡಿದಿರಿ ಅಂದರೆ ಮೀಟರಿನ ಬೀಪ್ ಅಂತಾರೆ. ಆ ಬೀಪ್ ನಂಬಬೇಡಿ. ನೂರು ಎಳೆಯಲ್ಲಿ ಒಂದೇ ಎಳೆ ಉಳಿದ ವೈರೂ ಬೀಪ್ ಅನ್ನುತ್ತದೆ. ಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಕೆಂಪು ಪ್ರೋಬ್ ಎಂಜಿನ್ ಬ್ಲಾಕಿನ ಶುದ್ಧ ಲೋಹದ ಮೇಲೆ. ಕಪ್ಪು ಪ್ರೋಬ್ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಕ್ಲಾಂಪಿನ ಮೇಲಲ್ಲ, ಕಂಬದ ಮೇಲೇ. ಸ್ಪಾರ್ಕ್ ಬಾರದಂತೆ ಕಾಯಿಲ್ ವೈರ್ ತೆಗೆದು ಸೆಲ್ಫ್ ಹೊಡೆಯಿರಿ. 0.2 ವೋಲ್ಟಿನೊಳಗೆ ಬಂದರೆ ಚೆನ್ನ. 0.5 ದಾಟಿತೆಂದರೆ ಆ ದಾರಿಯಲ್ಲಿ ಎಲ್ಲೋ ತುಕ್ಕು ಕೂತಿದೆ. ಸೆಲ್ಫಿಗೆ 100 ಆಂಪ್ ಹರಿಯುವಾಗ ಒಂದು ಓಮಿನ ನೂರನೇ ಒಂದು ಪಾಲು ತಡೆಯಿದ್ದರೂ ಪೂರಾ ಒಂದು ವೋಲ್ಟ್ ಅಲ್ಲೇ ಕರಗಿಹೋಗುತ್ತದೆ.

ಎಂಜಿನ್ನಿನಿಂದ ಬಾಡಿಯ ತಗಡಿಗೆ ಹೋಗುವ ಅರ್ಥ್ ಪಟ್ಟಿ ಹರಿದ ಗಾಡಿಯಲ್ಲಿ ಆಕ್ಸಿಲರೇಟರ್ ಕೇಬಲ್ಲನ್ನೊಮ್ಮೆ ಬಿಚ್ಚಿ ನೋಡಬೇಕು. ಸೆಲ್ಫಿನ ಕರೆಂಟು ಬೇರೆ ದಾರಿಯಿಲ್ಲದೆ ಆ ತೆಳ್ಳನೆಯ ಕೇಬಲ್ಲಿನಲ್ಲೇ ಹರಿದಿರುತ್ತದೆ. ಹೊರಗಿನ ಕವರು ಅಲ್ಲಲ್ಲಿ ಉಬ್ಬಿ ಕರಗಿ, ಒಳಗಿನ ಉಕ್ಕಿನ ತಂತಿ ನೀಲಿಗಟ್ಟಿ, ಎಳೆದರೆ ಗರಗರ ಅನ್ನುತ್ತಿರುತ್ತದೆ. ಕೇಬಲ್ ಬಿಗಿಯಾಗಿದೆ ಅಂತ ಹೊಸದು ಹಾಕಿಸಿಕೊಂಡು ಹೋದವರು ತಿಂಗಳಲ್ಲಿ ಮತ್ತೆ ಬರುತ್ತಾರೆ. ಕೆಟ್ಟದ್ದು ಕೇಬಲ್ ಆಗಿರಲೇ ಇಲ್ಲ.

ನಮ್ಮ ಕಡೆ ಇದಕ್ಕೆ ಎರಿ ಮಣ್ಣೂ ಸೇರುತ್ತದೆ. ನವಲಗುಂದ, ಅಣ್ಣಿಗೇರಿ, ಗದಗ ಕಡೆ ಓಡಿದ ಗಾಡಿಯ ಅಡಿಯಲ್ಲಿ ಅಂಟಿದ ಆ ಕಪ್ಪು ಮಣ್ಣು ಮಳೆಗಾಲ ಮುಗಿದು ಎಷ್ಟೋ ದಿನವಾದರೂ ಒಳಗೊಳಗೆ ಹಸಿಯಾಗೇ ಇರುತ್ತದೆ. ಅರ್ಥ್ ಬೋಲ್ಟಿನ ಸುತ್ತ ಅದು ಕೂತರೆ ತುಕ್ಕು ಖಾತ್ರಿ. ಹಳೆ ಅರ್ಥ್ ಪಾಯಿಂಟ್ ಪ್ರತಿಯೊಂದನ್ನೂ ಬಿಚ್ಚಿ, ಪೇಂಟ್ ಕೆರೆದು, ಲೋಹ ಹೊಳೆಯುವಂತೆ ಉಜ್ಜಿ, ಹೊಸ ಲಗ್, ಹಲ್ಲಿರುವ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಸವರಿ. ಬ್ಯಾಟರಿಯಿಂದ ಬ್ಲಾಕಿಗೆ 16ರಿಂದ 25 ಚದರ ಮಿಮೀ ಕೇಬಲ್, ಬ್ಯಾಟರಿಯಿಂದ ಬಾಡಿಗೆ ಇನ್ನೊಂದು, ಬ್ಲಾಕಿನಿಂದ ಬಾಡಿಗೆ ಮತ್ತೊಂದು. ಮೂರೂ ಬೇಕು.

ಸೆನ್ಸರ್‌ಗಳ ಅರ್ಥ್ ಮಾತ್ರ ಬಾಡಿಗೆ ಕೊಡಲೇಬಾರದು. ಅದು ವೈರಿನಲ್ಲೇ ಇಸಿಯುಗೆ ವಾಪಸ್ ಹೋಗಬೇಕು. ಇಸಿಯುವಿನ ಅರ್ಥ್ ಎಂಜಿನ್ ಮೇಲೆ ಒಂದೇ ಜಾಗದಲ್ಲಿ ಕೂರಬೇಕು. ಬಿಸಿ ಎಂಜಿನ್ನಿನಲ್ಲಿ ನೀರಿನ ಟೆಂಪರೇಚರ್ ಸೆನ್ಸರಿನ ಸಿಗ್ನಲ್ ಅರ್ಧ ವೋಲ್ಟಿನ ಆಸುಪಾಸು ಇರುತ್ತದೆ. ಹೆಡ್‌ಲೈಟ್ ಹಾಕಿದಾಗ ಬಾಡಿಯ ಅರ್ಥ್ 0.2 ವೋಲ್ಟ್ ಮೇಲೆದ್ದರೆ, ಎಂಜಿನ್ ತಣ್ಣಗಿದೆ ಅಂತ ಇಸಿಯು ತಿಳಿದು ಪೆಟ್ರೋಲ್ ಹೆಚ್ಚು ಸುರಿಯುತ್ತದೆ. ರಾತ್ರಿ ಓಡಿಸಿದಾಗ ಮಾತ್ರ ಪ್ಲಗ್ ಕಪ್ಪಾಗುತ್ತದೆ ಅನ್ನುವ ದೂರಿನ ಮೂಲ ಇಂಥ ಕಡೆ ಇರುತ್ತದೆ.

ವೈರ್ ವಿಷಯಕ್ಕೆ ಬಂದರೆ, ಮನೆ ವೈರಿಂಗಿನ ವೈರ್ ಗಾಡಿಗೆ ಬೇಡ. ಅದರ ಎಳೆ ದಪ್ಪ ಮತ್ತು ಕಡಿಮೆ, ಪಿವಿಸಿ 70 ಡಿಗ್ರಿಯವರೆಗಿನದು. ಸೈಲೆನ್ಸರ್ ಮ್ಯಾನಿಫೋಲ್ಡ್ ಪಕ್ಕ ಎರಡು ಬೇಸಿಗೆ ಕಳೆಯುವುದರೊಳಗೆ ಬಿರುಸಾಗಿ, ಬಗ್ಗಿಸಿದರೆ ಸೀಳುತ್ತದೆ. ಸಣ್ಣ ಎಳೆಗಳ ಆಟೋ ಕೇಬಲ್ ಕೇಳಿ ತನ್ನಿ. ಸೆನ್ಸರಿಗೆ 0.5 ಅಥವಾ 0.75, ಪಂಪ್ ಮತ್ತು ಕಾಯಿಲಿಗೆ 1.5, ಹೆಡ್‌ಲೈಟ್ ಮತ್ತು ರೇಡಿಯೇಟರ್ ಫ್ಯಾನಿಗೆ 2.5 ಚದರ ಮಿಮೀ. ಬಣ್ಣ ಹೊಂದದಿದ್ದರೂ ನಡೆಯುತ್ತದೆ, ಆದರೆ ಎರಡೂ ತುದಿಗೆ ನಂಬರ್ ಬರೆದ ಸ್ಲೀವ್ ಇರಲೇಬೇಕು.

ತಿಂಬಲ್ (ವೈರಿನ ತುದಿಗೆ ಹಾಕುವ ಲೋಹದ ಟರ್ಮಿನಲ್) ಒತ್ತುವುದು ಇಡೀ ಕೆಲಸದ ಜೀವ. ವೈರಿನ ತುದಿಯನ್ನು 5-6 ಮಿಮೀ ಮಾತ್ರ ಸುಲಿಯಿರಿ, ಒಂದೆಳೆಯೂ ಕಡಿಯಬಾರದು. ತಿಂಬಲ್ಲಿಗೆ ಎರಡು ಜೋಡಿ ಕಿವಿ ಇರುತ್ತವೆ: ಮುಂದಿನ ಜೋಡಿ ತಾಮ್ರ ಹಿಡಿಯಬೇಕು, ಹಿಂದಿನದು ಮೇಲಿನ ಪ್ಲಾಸ್ಟಿಕ್ ಹಿಡಿಯಬೇಕು. ಅದಕ್ಕೆಂದೇ ಇರುವ ಕ್ರಿಂಪಿಂಗ್ ಇಕ್ಕಳದಿಂದ ಒತ್ತಿ, ಆಮೇಲೆ ಜೋರಾಗಿ ಎಳೆದು ನೋಡಿ. ಕಟಿಂಗ್ ಪ್ಲೇಯರಿನಿಂದ ಚಪ್ಪಟೆ ಮಾಡಿದ್ದು ಕೈಗೇ ಬರುತ್ತದೆ. ಗಟ್ಟಿಯಾಗಲಿ ಅಂತ ಮೇಲೆ ಸೋಲ್ಡರ್ ಸುರಿಯುವ ಅಭ್ಯಾಸವೂ ಬಿಡಬೇಕು. ಸೋಲ್ಡರ್ ಎಳೆಗಳ ನಡುವೆ ಏರಿ ವೈರನ್ನು ಕಡ್ಡಿ ಮಾಡುತ್ತದೆ. ಎಂಜಿನ್ ನಡುಕಕ್ಕೆ ಆ ಕಡ್ಡಿ ಮುಗಿಯುವ ಜಾಗದಲ್ಲೇ ತುಂಡಾಗುತ್ತದೆ, ಅದೂ ಪ್ಲಾಸ್ಟಿಕ್ಕಿನ ಒಳಗೆ, ಕಣ್ಣಿಗೆ ಕಾಣದಂತೆ. ತಿರುವಿ ಟೇಪ್ ಸುತ್ತಿದ ಜಾಯಿಂಟ್ ಅಂತೂ ಏಪ್ರಿಲ್ ಬಿಸಿಲಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ.

ಹಳೆ ಗಾಡಿಗಳಲ್ಲಿ ಹೆಡ್‌ಲೈಟಿನ ಕರೆಂಟು ಸ್ಟೇರಿಂಗ್ ಬಳಿಯ ಸ್ವಿಚ್ಚಿನೊಳಗೇ ಹಾದುಹೋಗುತ್ತದೆ. 60 ವ್ಯಾಟಿನ ಎರಡು ಬಲ್ಬ್ ಸೇರಿದರೆ ಸುಮಾರು 10 ಆಂಪ್. ಸ್ವಿಚ್ ಸುಡುತ್ತದೆ, ಬೆಳಕೂ ಮಂಕು. ರಿಲೇ ಹಾಕಿ, ಅದರ ಪಿನ್ ನಂಬರ್ ಪ್ರಕಾರ: 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ನೇರ ಲೈನ್, 87ರಿಂದ ಬಲ್ಬಿಗೆ, 85 ಅರ್ಥ್, 86ಕ್ಕೆ ಹಳೆ ಸ್ವಿಚ್ ವೈರ್. ಫ್ಯೂಸ್ ಇರುವುದು ವೈರ್ ಕಾಯಲಿಕ್ಕೆ. ವೈರಿನ ದಪ್ಪ ನೋಡಿ ಫ್ಯೂಸ್ ಹಾಕಬೇಕು, ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಬೇಕು. ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪ್. ನೀಲಿ ಪದೇಪದೇ ಹೋಗುತ್ತದೆ ಅಂತ ಹಸಿರು ಚುಚ್ಚಿದರೆ ಮುಂದಿನ ಸಲ ಹೋಗುವುದು ವೈರ್.

ಡೈನಮೋ ತಾಳುತ್ತದೆಯೇ ಅನ್ನುವ ಲೆಕ್ಕವನ್ನೂ ಕಾಗದದ ಮೇಲೆ ಹಾಕಿ. ಹೆಡ್‌ಲೈಟ್ 10, ಫ್ಯಾನ್ 8ರಿಂದ 10, ಪೆಟ್ರೋಲ್ ಪಂಪ್ 5, ಕಾಯಿಲ್ ಮತ್ತು ಇಂಜೆಕ್ಟರ್ 5, ವೈಪರ್ 4, ಆಕ್ಸಿಜನ್ ಸೆನ್ಸರಿನ ಹೀಟರ್ 1ರಿಂದ 2 ಆಂಪ್. ಐಡಲಿನಲ್ಲಿ ಡೈನಮೋ ತನ್ನ ತಗಡಿನ ಮೇಲೆ ಬರೆದಷ್ಟು ಕೊಡುವುದಿಲ್ಲ. ಎಲ್ಲಾ ಹಾಕಿ ಐಡಲಿನಲ್ಲಿ ನಿಲ್ಲಿಸಿದಾಗ ಬ್ಯಾಟರಿಯಲ್ಲಿ 13 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಗಾಡಿ ಬಂದ್ ಮಾಡಿದ ಮೇಲೆ ಬ್ಯಾಟರಿಯಿಂದ ಸೋರುವ ಕರೆಂಟು 50 ಮಿಲಿ ಆಂಪ್ ದಾಟಬಾರದು.

ಇಷ್ಟಾದ ಮೇಲೆ ಇಸಿಯು. ಸ್ಪೀಡುಯಿನೊ ಅನ್ನುವ ಇಸಿಯು ನಮ್ಮ ಕೆಲಸಕ್ಕೆ ಸರಿಹೊಂದುತ್ತದೆ. ಆರ್ಡುಯಿನೊ ಮೆಗಾ 2560 ಅನ್ನುವ ಬೋರ್ಡಿನ ಮೇಲೆ ಓಡುತ್ತದೆ, ನಕ್ಷೆ, ಕೋಡ್ ಎಲ್ಲಾ ತೆರೆದದ್ದು, ಕೆಟ್ಟರೆ ಬಿಡಿಭಾಗ ಬದಲಿಸಬಹುದು. ಆದರೆ ಅದಕ್ಕೆ ಕೊಡುವ 12 ವೋಲ್ಟ್ ಶುದ್ಧವಲ್ಲ. ಬ್ಯಾಟರಿ ಟರ್ಮಿನಲ್ ಸಡಿಲಾಗಿ ಒಂದು ಕ್ಷಣ ಬಿಟ್ಟರೂ ಡೈನಮೋ 40 ವೋಲ್ಟಿಗೂ ಮೀರಿದ ಹೊಡೆತ ಕೊಡುತ್ತದೆ. ಫ್ಯೂಸ್, ಉಲ್ಟಾ ಜೋಡಿಸಿದರೆ ಕಾಯುವ ಡಯೋಡ್, ಆ ಹೊಡೆತ ನುಂಗುವ 24 ವೋಲ್ಟಿನ ಟಿವಿಎಸ್ ಡಯೋಡ್, ಆಮೇಲೆ ಕೆಪಾಸಿಟರ್ ಮತ್ತು ರೆಗ್ಯುಲೇಟರ್, ಇದೇ ಕ್ರಮ. ಹೈವೇಯಲ್ಲಿ ಬ್ಯಾಟರಿ ಇಳಿದರೆ ಲಾರಿಯವರು ಪ್ರೀತಿಯಿಂದ ಜಂಪ್ ಕೊಡುತ್ತಾರೆ. ಲಾರಿಯಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸೇರಿ 24 ಇರುತ್ತದೆ. ಒಂದೇ ಬ್ಯಾಟರಿಯ ಎರಡು ಕಂಬಕ್ಕೆ ಹಿಡಿಯಲು ಹೇಳಿ. ಬೋರ್ಡ್ ಬಾನೆಟ್ಟಿನಡಿ ಬೇಡ, ಡ್ಯಾಶ್‌ಬೋರ್ಡಿನ ಒಳಗೆ ಇರಲಿ.

ಎಂಜಿನ್ ಸುತ್ತಿನ ಯಾವ ಹಂತದಲ್ಲಿದೆ ಅಂತ ಇಸಿಯುಗೆ ತಿಳಿಸಲು ಕ್ರ್ಯಾಂಕ್ ಪುಲ್ಲಿಗೆ 36 ಹಲ್ಲಿನ ಜಾಗದಲ್ಲಿ ಒಂದು ಹಲ್ಲು ತೆಗೆದ ಚಕ್ರ ಬೇಕು. ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ಲೇಥ್ ಅಂಗಡಿಗಳಿಗೆ ಇದು ದೊಡ್ಡ ಕೆಲಸವಲ್ಲ. 4-5 ಮಿಮೀ ಎಂಎಸ್ ಪ್ಲೇಟ್ ಸಾಕು. ಡ್ರಾಯಿಂಗ್ ಕೊಡುವ ಮೊದಲು ಪುಲ್ಲಿಗೂ ಪಕ್ಕದ ಬಾಡಿಗೂ ಎಷ್ಟು ಸಂದಿದೆ ಅಳೆಯಿರಿ. ಚಕ್ರ ತಿರುಗುವಾಗ ಓಲಾಟ 0.2 ಮಿಮೀ ಒಳಗಿರಲಿ, ಸೆನ್ಸರ್ ಸಂದು ಸುಮಾರು 1 ಮಿಮೀ. ಸೆನ್ಸರ್ ಬ್ರಾಕೆಟ್ ತೆಳು ತಗಡಿನದಾದರೆ 3000 ಆರ್‌ಪಿಎಂ ಮೇಲೆ ಅದೇ ನಡುಗಿ ಸಿಗ್ನಲ್ ತಪ್ಪುತ್ತದೆ. ಆಗ ಎಲ್ಲರೂ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುತ್ತಾರೆ. ಸೆನ್ಸರ್ ವೈರ್ ಶೀಲ್ಡ್ ಇರುವುದಾಗಿರಲಿ, ಶೀಲ್ಡನ್ನು ಇಸಿಯು ತುದಿಯಲ್ಲಿ ಮಾತ್ರ ಅರ್ಥ್ ಮಾಡಿ, ಪ್ಲಗ್ ವೈರಿನಿಂದ ದೂರ ಒಯ್ಯಿರಿ.

ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ತಕ್ಷಣ ಬಿಸಾಡಬೇಡಿ. ಕಿಡಿಯನ್ನು ಬೇಗ ಹಾರಿಸುವ ಒಳಗಿನ ಅಡ್ವಾನ್ಸ್ ತೂಕ ಮತ್ತು ವ್ಯಾಕ್ಯೂಮ್ ಎರಡನ್ನೂ ಲಾಕ್ ಮಾಡಿ, ಒಂದೇ ಕಾಯಿಲನ್ನು ಇಸಿಯು ನಡೆಸಲಿ. ಕಿಡಿ ಹಾರುವ ಹೊತ್ತಿಗೆ ರೋಟರ್ ತುದಿ ಕ್ಯಾಪಿನ ಕಂಬದೆದುರು ಇರುವಂತೆ ಕೂರಿಸಿ, ಇಲ್ಲದಿದ್ದರೆ ಪಕ್ಕದ ಸಿಲಿಂಡರಿಗೆ ಕಿಡಿ ಹಾರುತ್ತದೆ. ಮುಂದೆ ಮೂರು ಕಾಯಿಲ್ ಹಾಕುವಾಗ ನೆನಪಿರಲಿ, ಮೂರು ಸಿಲಿಂಡರ್ ಎಂಜಿನ್ನಿನಲ್ಲಿ ಎರಡು ಪಿಸ್ಟನ್ ಒಟ್ಟಿಗೆ ಮೇಲೆ ಬರುವುದಿಲ್ಲ, ಹಾಗಾಗಿ ನಾಲ್ಕು ಸಿಲಿಂಡರ್ ಗಾಡಿಯ ಜೋಡಿ ಕಾಯಿಲ್ ಇಲ್ಲಿ ನಡೆಯದು. ಕಾಯಿಲ್ ಪ್ಲಗ್ ಸಿಕ್ಕಿಸುವುದು ಎಲ್ಲಕ್ಕಿಂತ ಕೊನೆಗೆ. ಸೆಟ್ಟಿಂಗಿನಲ್ಲಿ ಸ್ಪಾರ್ಕ್ ಔಟ್‌ಪುಟ್ ಉಲ್ಟಾ ಇದ್ದರೆ ಕೀ ತಿರುಗಿಸಿದ ಕ್ಷಣದಿಂದ ಕಾಯಿಲಿಗೆ ಕರೆಂಟು ಹರಿಯುತ್ತಲೇ ಇದ್ದು ಸುಡುತ್ತದೆ. ಡ್ವೆಲ್ (ಕಿಡಿಗೆ ಮೊದಲು ಕಾಯಿಲಿಗೆ ಕರೆಂಟು ಹರಿಯುವ ಸಮಯ) 3 ಮಿಲಿಸೆಕೆಂಡಿನಿಂದ ಶುರು ಮಾಡಿ. ಟೈಮಿಂಗನ್ನು 10 ಡಿಗ್ರಿಗೆ ನಿಲ್ಲಿಸಿ, ಟೈಮಿಂಗ್ ಲೈಟ್ ಹಿಡಿದು ಪುಲ್ಲಿಯ ಗುರುತು ಅಲ್ಲೇ ಕಾಣುವವರೆಗೆ ಮುಂದೆ ಹೋಗಬೇಡಿ.

ಪೆಟ್ರೋಲ್ ಕಡೆ ಸಡಿಲು ಬಿಡುವ ಮಾತೇ ಇಲ್ಲ. ಕಾರ್ಬುರೇಟರಿನ ಪಂಪಿಗಿಂತ ಇಂಜೆಕ್ಷನ್ ಪಂಪಿನ ಒತ್ತಡ ಸುಮಾರು ಹತ್ತು ಪಟ್ಟು, 3 ಬಾರ್. ಹಳೆ ರಬ್ಬರ್ ಪೈಪ್ ಅದನ್ನು ತಾಳುವುದಿಲ್ಲ. ಈಗ ಬಂಕಿನಲ್ಲಿ ಸಿಗುವ ಇ20 (ಶೇ. 20 ಎಥನಾಲ್ ಬೆರೆತ ಪೆಟ್ರೋಲ್) ಅದನ್ನು ಒಳಗಿಂದಲೂ ತಿನ್ನುತ್ತದೆ. ಎಸ್‌ಎಇ ಜೆ30 ಆರ್9 ಅಂತ ಮೇಲೆ ಅಚ್ಚಾದ ಪೈಪ್, ಇಂಜೆಕ್ಷನ್ ಕ್ಲಿಪ್ ಎರಡೇ ಬಳಸಿ. ಪಂಪನ್ನು ಕೀಗೆ ನೇರ ಕೊಡಬಾರದು. ರಿಲೇಯನ್ನು ಇಸಿಯು ನಡೆಸಬೇಕು, ಎಂಜಿನ್ ನಿಂತೊಡನೆ ಪಂಪೂ ನಿಲ್ಲಬೇಕು. ಅಪಘಾತದಲ್ಲಿ ಪೈಪ್ ಕಿತ್ತು ಪಂಪ್ ಓಡುತ್ತಲೇ ಇದ್ದರೆ ಏನಾಗುತ್ತದೆ ಅಂತ ಒಂದು ಕ್ಷಣ ಯೋಚಿಸಿ. ಇನ್ನು ಇಂಜೆಕ್ಟರ್: ನಲವತ್ತರ ಆಸುಪಾಸಿನ ಕುದುರೆಶಕ್ತಿಗೆ ನಿಮಿಷಕ್ಕೆ 100ರಿಂದ 150 ಸಿಸಿ ಹಾಯಿಸುವ ಮೂರು ಇಂಜೆಕ್ಟರ್ ಸಾಕು. ದೊಡ್ಡ ಗಾಡಿಯದ್ದು ತಂದು ಹಾಕಿದರೆ ಐಡಲಿನಲ್ಲಿ ಅದು ತೆರೆಯುವ ಸಮಯ ತೀರಾ ಚಿಕ್ಕದಾಗಿ ಗಾಡಿ ಕುಂಟುತ್ತದೆ.

ಟ್ಯೂನಿಂಗಿನಲ್ಲಿ ನಮ್ಮ ಊರಿನದೇ ಒಂದು ವಿಶೇಷ ಇದೆ. ಕೀ ಹಾಕಿ ಎಂಜಿನ್ ಬಂದ್ ಇರುವಾಗ ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡಿನೊಳಗಿನ ಗಾಳಿಯ ಒತ್ತಡ ಅಳೆಯುವುದು) 101 ಕಿಲೋಪಾಸ್ಕಲ್ ತೋರಿಸಬೇಕು ಅಂತ ಓದಿರುತ್ತೀರಿ. ಹುಬ್ಬಳ್ಳಿ-ಧಾರವಾಡ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿವೆ, ಇಲ್ಲಿ 93ರ ಸುತ್ತಮುತ್ತ ತೋರಿಸುತ್ತದೆ. ಸೆನ್ಸರ್ ಸರಿ ಇದೆ, ಬದಲಿಸಬೇಡಿ, 101ಕ್ಕೆ ಎಳೆದು ಕೂರಿಸಲೂ ಬೇಡಿ. ಅರಬೈಲ್ ಘಾಟ್ ಇಳಿದು ಅಂಕೋಲೆ ಮುಟ್ಟಿದಾಗ ಅದೇ 101ಕ್ಕೆ ಬರುತ್ತದೆ. ಆದ್ದರಿಂದ ಇಸಿಯುವಿನ ಪೆಟ್ರೋಲ್ ಟೇಬಲ್ಲಿನ ಮೇಲಿನ ಸಾಲನ್ನು 100ರವರೆಗೆ ತುಂಬಿಡಿ, ಇಲ್ಲಿ ಅದು ಬಳಕೆಗೆ ಬಾರದಿದ್ದರೂ.

ಗಾಳಿ-ಪೆಟ್ರೋಲ್ ಮಿಶ್ರಣವನ್ನು ಲ್ಯಾಂಬ್ಡಾದಲ್ಲೇ ನೋಡಿ, ಅಂದರೆ ಪೂರ್ತಿ ಉರಿಯಲು ಬೇಕಾದ ಗಾಳಿಯ ಎಷ್ಟು ಪಟ್ಟು ಇದೆ ಅಂತ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಅನ್ನುವುದು ಶುದ್ಧ ಪೆಟ್ರೋಲಿನ ಅಂಕಿ, ಇ20ಗೆ ಅದು ಸುಮಾರು 13.6. ಲ್ಯಾಂಬ್ಡಾ 1 ಎರಡಕ್ಕೂ ಒಂದೇ. ಸಮ ವೇಗದಲ್ಲಿ 1, ಪೂರ್ತಿ ಒತ್ತಿದಾಗ 0.85ರಿಂದ 0.88. ವೈಡ್‌ಬ್ಯಾಂಡ್ ಸೆನ್ಸರನ್ನು ಸೈಲೆನ್ಸರ್ ಪೈಪಿನ ಮೇಲ್ಭಾಗದಲ್ಲಿ ಓರೆಯಾಗಿ ಕೂರಿಸಿ, ಅಡಿಗೆ ಕೂರಿಸಿದರೆ ನೀರಿಳಿದು ಒಡೆಯುತ್ತದೆ. ಎಂಜಿನ್ನಿಗೂ ಅದಕ್ಕೂ ನಡುವೆ ಪೈಪಿನಲ್ಲಿ ಸಣ್ಣ ಲೀಕ್ ಇದ್ದರೂ ಮಿಶ್ರಣ ತೆಳು ಅಂತ ಸುಳ್ಳು ಹೇಳುತ್ತದೆ.

ಸ್ಕ್ರೀನ್ ಬೇಕಾದರೆ ಹಾಕಿಕೊಳ್ಳಿ. ಆಯಿಲ್ ಪ್ರೆಶರಿನ ಆ ಹಳೆ ಕೆಂಪು ದೀಪ ಮಾತ್ರ ತೆಗೆಯಬೇಡಿ. ಒಂದು ಸ್ವಿಚ್, ಒಂದು ವೈರ್, ಒಂದು ಬಲ್ಬ್, ಇಸಿಯು ಸತ್ತರೂ ಅದು ಉರಿಯುತ್ತದೆ. ಆರ್‌ಟಿಓ ವಿಷಯ: 15 ವರ್ಷ ದಾಟಿದ ಗಾಡಿಗೆ ನೋಂದಣಿ ನವೀಕರಣ ಐದೈದು ವರ್ಷಕ್ಕೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಆರ್‌ಸಿಯಲ್ಲಿನ ವಿವರ ಬದಲಾಗುವಂಥ ಮಾರ್ಪಾಡನ್ನು ಒಪ್ಪುವುದಿಲ್ಲ. ಕೆಲಸಕ್ಕೆ ಕೈ ಹಾಕುವ ಮೊದಲೇ ಕಚೇರಿಯಲ್ಲಿ ಕೇಳಿಕೊಳ್ಳಿ.

ವೈರಿಂಗ್ ನಕ್ಷೆಯನ್ನು ಕನ್ನಡದಲ್ಲೇ, ಪೆನ್ನಿನಲ್ಲಿ, ವೈರಿನ ನಂಬರ್ ಸಹಿತ ಬರೆದು ಲ್ಯಾಮಿನೇಶನ್ ಮಾಡಿಸಿ. ಇಸಿಯುಗೆ ಹೋಗುವ ವೈರ್‌ಗಳನ್ನು ಕೆಂಪು ಗೆರೆಯಲ್ಲಿ ತೋರಿಸಿ, ಪಕ್ಕದಲ್ಲಿ "ಇಲ್ಲಿ ಟೆಸ್ಟ್ ಲ್ಯಾಂಪ್ ಬೇಡ, ಮೀಟರ್ ಮಾತ್ರ" ಅಂತ ಬರೆಯಿರಿ. ಬಲ್ಬ್ ಎಳೆಯುವ ಕರೆಂಟಿಗೆ ಬೋರ್ಡಿನ ಔಟ್‌ಪುಟ್ ಸುಡಬಹುದು. ಆ ನಕ್ಷೆ, ಇದೇ ಟ್ಯೂನ್ ತುಂಬಿದ ಇನ್ನೊಂದು ಮೆಗಾ ಬೋರ್ಡ್, ಎರಡು ರಿಲೇ, ನಾಲ್ಕು ಬಣ್ಣದ ಫ್ಯೂಸ್, ಎರಡು ಮೀಟರ್ ಉದ್ದದ ವೈರ್, ಕ್ರಿಂಪಿಂಗ್ ಇಕ್ಕಳ, ಎಲ್ಲಾ ಒಂದು ಡಬ್ಬಿಯಲ್ಲಿ ಹಾಕಿ ಡ್ರೈವರ್ ಸೀಟಿನಡಿ ಇಡಿ, ಡಿಕ್ಕಿಯಲ್ಲಿ ಸಾಮಾನಿನ ಕೆಳಗೆ ಬೇಡ.