ಸತ್ಯಾಂಶ: ಜಪಾನಿನ ರಾಜವಂಶಕ್ಕೆ 2,600 ವರ್ಷವೇ?

ಜಪಾನಿನಲ್ಲಿ ಕ್ರಿ.ಪೂ. 660ರಿಂದ ಒಂದೇ ವಂಶ ಆಳುತ್ತಿದೆ, ಅದಕ್ಕೆ ದಾಖಲೆಯೂ ಇದೆ ಎನ್ನುವ ಸಂದೇಶ ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ಇಸವಿ ಇತಿಹಾಸವಲ್ಲ, ಐತಿಹ್ಯ. ಅದರ ನೆನಪಿಗೆ ಫೆಬ್ರುವರಿ 11ರಂದು ಅಲ್ಲಿ ಇಂದಿಗೂ ರಜೆ ಇರುವುದರಿಂದ ನಂಬುವುದು ಸಹಜವೇ.

ಆ ವರ್ಷ ಪಟ್ಟವೇರಿದನೆನ್ನುವ ಮೊದಲ ಚಕ್ರವರ್ತಿ ಜಿಮ್ಮುವಿನ ಕಥೆ ಇರುವುದು ಜಪಾನಿನ ಎರಡು ಹಳೆಯ ಚರಿತ್ರೆ ಗ್ರಂಥಗಳಲ್ಲಿ. ‘ಕೊಜಿಕಿ’ ಸಿದ್ಧವಾದದ್ದು ಕ್ರಿ.ಶ. 712ರಲ್ಲಿ, ‘ನಿಹೊನ್ ಶೊಕಿ’ 720ರಲ್ಲಿ. ಕ್ರಿ.ಪೂ. 660ಕ್ಕೂ ಈ ಗ್ರಂಥಗಳಿಗೂ ನಡುವೆ 1,300 ವರ್ಷಕ್ಕೂ ಹೆಚ್ಚಿನ ಅಂತರ. ಜಿಮ್ಮುವಿನ ಆಯಸ್ಸು ಒಂದರಲ್ಲಿ 137 ವರ್ಷ, ಇನ್ನೊಂದರಲ್ಲಿ 127.

ನನಗೆ ಇದಕ್ಕಿಂತ ರೋಚಕ ಎನಿಸುವುದು ಒಂದು ತುಕ್ಕು ಹಿಡಿದ ಕತ್ತಿ. 1968ರಲ್ಲಿ ಸೈತಾಮಾದ ಇನಾರಿಯಾಮ ಸಮಾಧಿ ದಿಬ್ಬದಲ್ಲಿ ಸಿಕ್ಕಿತು. ಹತ್ತು ವರ್ಷದ ಮೇಲೆ ಎಕ್ಸ್‌ರೇ ತೆಗೆದಾಗ ತುಕ್ಕಿನಡಿಯಲ್ಲಿ ಚಿನ್ನ ಕೂರಿಸಿದ 115 ಚೀನೀ ಅಕ್ಷರಗಳು ಕಂಡವು! ಅದರಲ್ಲಿ ‘ವಕಾತಕೆರು’ ಎಂಬ ಅರಸನ ಹೆಸರಿದೆ. ಹೆಚ್ಚಿನ ವಿದ್ವಾಂಸರು ಅದರ ಕಾಲ ಕ್ರಿ.ಶ. 471 ಎನ್ನುತ್ತಾರೆ. ಅರಸನ ಹೆಸರು ಅವನ ಕಾಲದಲ್ಲೇ ಕೆತ್ತಿದ್ದು ಇಂಥ ಕಡೆ ಸಿಗುತ್ತದೆ.

ಇಂಥ ಸಂದೇಶ ಬಂದರೆ ಘಟನೆಯ ಇಸವಿ, ಅದನ್ನು ಹೇಳುವ ಅತಿ ಹಳೆಯ ಬರಹದ ಇಸವಿ ಎರಡನ್ನೂ ಪಕ್ಕಪಕ್ಕ ಬರೆದುಕೊಳ್ಳಿ. ಆಮೇಲೆ ಅದೇ ಕಾಲದ ಶಾಸನವೋ ನೆರೆನಾಡಿನ ದಾಖಲೆಯೋ ಇದೆಯೇ ನೋಡಿ. ಜಪಾನಿನ ರಾಣಿ ಹಿಮಿಕೊ 3ನೇ ಶತಮಾನದಲ್ಲಿ ದೂತರನ್ನು ಕಳಿಸಿದ್ದು ಗೊತ್ತಾಗಿರುವುದು ಚೀನಾದ ಚರಿತ್ರೆಯಿಂದಲೇ.