ಕೆಟ್ಟಿದ್ದು ಡಬ್ಬಿ, ಒಳಗಿನ ಫೋಟೊ ಅಲ್ಲ

ಮನೆಯ ನಾಸ್ ಕೆಟ್ಟುಹೋಯಿತು ಅಂತ ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಹೇಳೋದು ಒಂದೇ ಮಾತು: ಕರೆಂಟ್ ತೆಗೆಯಿರಿ, ಏನನ್ನೂ ಒತ್ತಬೇಡಿ. ಇಂಥ ಡಬ್ಬಿಗಳನ್ನು ತುಂಬಾ ಬಿಚ್ಚಿ ನೋಡಿದ ಮೇಲೆ ನನಗೆ ಖಚಿತವಾಗಿರುವ ವಿಷಯ ಇದು. ಡಬ್ಬಿ ಕೆಟ್ಟಾಗ ಒಳಗಿನ ಡೇಟಾ ಸಾಮಾನ್ಯವಾಗಿ ಇದ್ದಲ್ಲೇ ಇರುತ್ತದೆ. ಆಮೇಲೆ ಗಾಬರಿಯಲ್ಲಿ ನಾವು ಮಾಡುವ ಕೆಲಸಗಳಿಂದಲೇ ಅದು ಹೋಗೋದು ಜಾಸ್ತಿ. ಆ ಗಾಬರಿಗೆ ಅರ್ಧ ಕಾರಣ ಡಬ್ಬಿ ಮಾಡಿದವರು. ಇದು ಸತ್ತರೆ ಒಳಗಿನದನ್ನು ತೆಗೆಯೋದು ಹೇಗೆ ಅಂತ ಅವರು ಕಣ್ಣಿಗೆ ಬೀಳುವ ಜಾಗದಲ್ಲಿ ಬರೆಯುವುದೇ ಇಲ್ಲ.

ನಾಸ್ ಗೊತ್ತಿಲ್ಲದವರಿಗೆ: ಮನೆಯ ವೈಫೈ ರೂಟರ್‌ಗೆ ತಂತಿ ಹಾಕಿ ಇಡುವ ಚಿಕ್ಕ ಡಬ್ಬಿ. ಒಳಗೆ ಒಂದೋ, ಎರಡೋ, ನಾಲ್ಕೋ ಹಾರ್ಡ್ ಡಿಸ್ಕ್. ಮನೆಮಂದಿಯ ಫೋನಿನ ಫೋಟೊ, ವಿಡಿಯೊ ಎಲ್ಲಾ ತಾನಾಗಿ ಅಲ್ಲಿಗೆ ಹೋಗಿ ಕೂರುತ್ತವೆ. 2021ರ ಜೂನ್ 1ರಿಂದ ಗೂಗಲ್ ಫೋಟೋಸ್ ಲೆಕ್ಕವಿಲ್ಲದಷ್ಟು ಫೋಟೊಗಳನ್ನು ಪುಕ್ಕಟೆ ಇಟ್ಟುಕೊಳ್ಳೋದನ್ನು ನಿಲ್ಲಿಸಿತಲ್ಲ, ಆಮೇಲೆ ನನ್ನ ಪರಿಚಯದವರಲ್ಲೇ ಎಷ್ಟೋ ಜನ ಇದನ್ನು ಕೊಂಡರು. ತಿಂಗಳ ಬಾಡಿಗೆ ಇಲ್ಲ, ನಮ್ಮದು ನಮ್ಮ ಮನೆಯಲ್ಲೇ ಇರುತ್ತದೆ. ಒಳ್ಳೆಯ ಯೋಚನೆಯೇ. ನಾನೇ ಹಲವರಿಗೆ ತಗೊಳ್ಳಿ ಅಂದಿದ್ದೇನೆ, ಈಗಲೂ ಅನ್ನುತ್ತೇನೆ.

ಮುಂಗಾರಿಗೆ ಮೊದಲಿನ ಗುಡುಗು ಮಳೆಯಲ್ಲಿ ಸಾಗರದ ಹತ್ತಿರ ನಮ್ಮ ಚಿಕ್ಕಪ್ಪನ ಮನೆಗೆ ಸಿಡಿಲಿನ ಏಟು ಬಿತ್ತು. ರೂಟರ್ ಹೋಯಿತು, ಟಿವಿ ಹೋಯಿತು, ನಾಸ್‌ನ ದೀಪವೂ ಆರಿತು. ಚಿಕ್ಕಪ್ಪನಿಗೆ ಯಕ್ಷಗಾನದ ಹುಚ್ಚು. ಸುತ್ತಮುತ್ತ ಎಲ್ಲಿ ಆಟ ಇದ್ದರೂ ರೆಕಾರ್ಡರ್ ಹಿಡಿದು ಹೋಗುತ್ತಿದ್ದವರು. ತಾಳಮದ್ದಳೆಯ ಹಳೆಯ ಕ್ಯಾಸೆಟ್‌ಗಳನ್ನೆಲ್ಲ ಒಂದೊಂದಾಗಿ ಕೂತು ಕಂಪ್ಯೂಟರ್‌ಗೆ ಇಳಿಸಿದ್ದರು. ಮಲೆನಾಡಿನ ಮಳೆಗಾಲ ಗೊತ್ತಲ್ಲ, ಆ ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿದು ಯಾವತ್ತೋ ಎಸೆದಾಗಿತ್ತು. ಅವುಗಳಲ್ಲಿ ಅರ್ಥ ಹೇಳಿದವರಲ್ಲಿ ಕೆಲವರು ಈಗ ಇಲ್ಲ. ಇದ್ದ ಒಂದೇ ಪ್ರತಿ ಆ ಡಬ್ಬಿಯ ಒಳಗೆ.

"ಎರಡು ಡಿಸ್ಕ್ ಇದೆಯಲ್ಲ ಮಾರಾಯ, ಒಂದು ಹೋದರೆ ಇನ್ನೊಂದು ಇರುತ್ತದೆ ಅಂತ ಅಂಗಡಿಯವನೇ ಹೇಳಿದ್ದ" ಅಂದರು. ಹೇಳಿದ್ದು ಸುಳ್ಳಲ್ಲ. ಒಂದರಲ್ಲಿ ಬರೆದದ್ದನ್ನೇ ಇನ್ನೊಂದರಲ್ಲೂ ಬರೆಯುವ ಆ ಪದ್ಧತಿಗೆ ರೇಡ್ 1 ಅನ್ನುತ್ತಾರೆ. ರೇಡ್ ಅನ್ನುವ ಹೆಸರು ಬಂದಿದ್ದು 1988ರಲ್ಲಿ, ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಜ್ ಬರೆದ ಪ್ರಬಂಧದಿಂದ. ದುಬಾರಿ ದೊಡ್ಡ ಡಿಸ್ಕಿನ ಬದಲು ಅಗ್ಗದ ಚಿಕ್ಕ ಡಿಸ್ಕ್‌ಗಳನ್ನು ಸೇರಿಸಿ, ಅವುಗಳಲ್ಲಿ ಒಂದು ಕೆಟ್ಟರೂ ಕೆಲಸ ನಿಲ್ಲದ ಹಾಗೆ ಮಾಡೋದು ಅವರ ಯೋಚನೆ. ಕೆಲಸ ನಿಲ್ಲಬಾರದು, ಅಷ್ಟೇ. ಸಿಡಿಲು ಎರಡನ್ನೂ ಒಟ್ಟಿಗೆ ಸುಡಬಹುದು. ಕಳ್ಳ ಇಡೀ ಡಬ್ಬಿಯನ್ನೇ ಹೊತ್ತೊಯ್ಯಬಹುದು. ಮಗು ಒಂದು ಫೋಲ್ಡರ್ ಅಳಿಸಿದರೆ ಅದೇ ಕ್ಷಣದಲ್ಲಿ ಎರಡೂ ಕಡೆ ಅಳಿಯುತ್ತದೆ. 2021ರ ಏಪ್ರಿಲ್‌ನಲ್ಲಿ ಕ್ಯೂಲಾಕರ್ ಅನ್ನುವ ವೈರಸ್ ಇಂಟರ್ನೆಟ್ಟಿಗೆ ತೆರೆದುಕೊಂಡಿದ್ದ ಕ್ಯೂನ್ಯಾಪ್ ಕಂಪನಿಯ ನಾಸ್‌ಗಳಿಗೆ ನುಗ್ಗಿ, ಜನರ ಫೈಲ್‌ಗಳನ್ನು ಪಾಸ್‌ವರ್ಡ್ ಹಾಕಿದ 7-ಜಿಪ್ ಕಟ್ಟುಗಳಾಗಿ ಮಾಡಿ, ಬಿಡಿಸಲು 0.01 ಬಿಟ್‌ಕಾಯಿನ್ ಕೇಳಿತು. ಎಷ್ಟು ಡಿಸ್ಕ್ ಇದ್ದರೇನು, ಎಲ್ಲದರಲ್ಲೂ ಇರೋದು ಅದೇ ಬೀಗ ಬಿದ್ದ ಕಟ್ಟು. ಮಾರುವಾಗ ಇಷ್ಟನ್ನು ಹೇಳೋಕೆ ಎರಡು ನಿಮಿಷ ಸಾಕು. ಯಾರೂ ಹೇಳಲ್ಲ.

ಚಿಕ್ಕಪ್ಪ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರು. ಡಿಸ್ಕ್ ಸಮೇತ ಕಳಿಸಿ, ವಾರಂಟಿಯಲ್ಲಿ ಬೇರೆ ಡಬ್ಬಿ ಕೊಡುತ್ತೇವೆ, ಡೇಟಾ ನಮ್ಮ ಜವಾಬ್ದಾರಿ ಅಲ್ಲ ಅಂದರು. ಅಷ್ಟು ವರ್ಷದ ದನಿಗಳು ಕೊರಿಯರ್ ಡಬ್ಬದಲ್ಲಿ ಹೋಗಿ, ಖಾಲಿ ಡಿಸ್ಕಿನ ಹೊಸ ಡಬ್ಬಿಯಾಗಿ ವಾಪಸ್ ಬರುತ್ತಿದ್ದವು. ಆಮೇಲೆ ಪೇಟೆಯ ಒಂದು ಅಂಗಡಿಗೆ ಒಯ್ದರು. ಅಲ್ಲಿಯ ಹುಡುಗ ಒಳ್ಳೆಯವನೇ. ಒಂದು ಡಿಸ್ಕ್ ತೆಗೆದು ವಿಂಡೋಸ್ ಕಂಪ್ಯೂಟರ್‌ಗೆ ಹಾಕಿದ. ಪರದೆಯ ಮೇಲೆ ಒಂದು ಚೌಕ ಬಂತು: ಈ ಡಿಸ್ಕ್ ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಅಂದರೆ ಇದ್ದದ್ದನ್ನು ಅಳಿಸಿ ಹೊಸದಾಗಿ ಸಜ್ಜು ಮಾಡಲೇ ಅಂತ.

ಆ ಚೌಕದ ಬಗ್ಗೆ ಸ್ವಲ್ಪ ಹೇಳಬೇಕು. ನಾನು ನೋಡಿದ ಹಾಗೆ ಮನೆಗಳ ಫೋಟೊಗಳನ್ನು ಸಿಡಿಲಿಗಿಂತ ಹೆಚ್ಚು ತಿಂದಿರೋದು ಅದೇ. ಬಹುತೇಕ ನಾಸ್ ಡಬ್ಬಿಗಳ ಒಳಗೆ ಓಡೋದು ಲಿನಕ್ಸ್, ವಿಂಡೋಸ್ ಹಾಗೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್. ಡಿಸ್ಕ್ ಮೇಲೆ ಬರೆದಿರೋದು ಲಿನಕ್ಸ್‌ನ ಇಎಕ್ಸ್‌ಟಿ4 ಅಥವಾ ಬಿಟಿಆರ್‌ಎಫ್‌ಎಸ್ ಅನ್ನುವ ಕ್ರಮದಲ್ಲಿ (ಇದಕ್ಕೇ ಫೈಲ್ ಸಿಸ್ಟಮ್ ಅನ್ನೋದು). ವಿಂಡೋಸ್‌ಗೆ ಅವು ತಾವಾಗಿ ಓದಲು ಬರಲ್ಲ. ಓದಲು ಬರದ್ದನ್ನು ಅದು ಬಳಕೆಗೆ ಬಾರದ್ದು ಅನ್ನುತ್ತದೆ. ಕೆಲವು ಸಲ ಫಾರ್ಮ್ಯಾಟ್ ಅನ್ನುತ್ತದೆ, ಕೆಲವು ಸಲ ಇನಿಷಿಯಲೈಸ್ ಅನ್ನುತ್ತದೆ. ಎರಡಕ್ಕೂ ಉತ್ತರ ಒಂದೇ, ಬೇಡ. ಹುಡುಗ "ಡಿಸ್ಕ್ ಖಾಲಿ ತೋರಿಸ್ತಿದೆ, ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತೆ" ಅಂದನಂತೆ. ಚಿಕ್ಕಪ್ಪ ಅಲ್ಲಿಂದಲೇ ನನಗೆ ಫೋನ್ ಮಾಡಿದರು. ಫೋನ್ ಮಾಡದೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚಿಸುತ್ತೇನೆ.

ಎರಡೂ ಡಿಸ್ಕ್ ನನ್ನ ಹತ್ತಿರ ಬೆಂಗಳೂರಿಗೆ ಬಂದವು. ಎಡದ್ದು, ಬಲದ್ದು ಅಂತ ಮೇಲೆ ಬರೆದು ಚೀಟಿ ಅಂಟಿಸಿ ಕಳಿಸಿ ಅಂದಿದ್ದೆ. ಎರಡೇ ಇದ್ದಾಗ ಇದು ಅಷ್ಟು ಮುಖ್ಯ ಅಲ್ಲ. ಡೇಟಾವನ್ನು ಎಲ್ಲ ಡಿಸ್ಕ್‌ಗಳಿಗೂ ಹಂಚಿ ಬರೆಯುವ, ನಾಲ್ಕು ಡಿಸ್ಕಿನ ರೇಡ್ 5 ಆಗಿದ್ದರೆ ಯಾವುದು ಎಲ್ಲಿತ್ತು ಅನ್ನೋದು ಆಮೇಲೆ ದೊಡ್ಡ ತಲೆನೋವು ತಪ್ಪಿಸುತ್ತದೆ. ಒಂದು ಡಿಸ್ಕ್ ತಿರುಗಲೇ ಇಲ್ಲ. ಇನ್ನೊಂದು ತಿರುಗಿತು. ಎಸ್‌ಪಿ ರೋಡಿಗೆ ಹೋಗಿ ಅದಕ್ಕಿಂತ ದೊಡ್ಡ ಅಳತೆಯ ಹೊಸ ಡಿಸ್ಕ್ ಮತ್ತು ಬಿಡಿ ಡಿಸ್ಕನ್ನು ಕಂಪ್ಯೂಟರ್‌ಗೆ ಜೋಡಿಸುವ ಯುಎಸ್‌ಬಿ ಡಾಕ್ ತಂದೆ. ಲಿನಕ್ಸ್ ಹಾಕಿದ ಕಂಪ್ಯೂಟರ್‌ನಲ್ಲಿ ಹಳೆಯ ಡಿಸ್ಕಿಗೆ ಸ್ಮಾರ್ಟ್ ವರದಿ ಕೇಳಿದೆ. ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಟ್ಟುಕೊಳ್ಳುವ ಪಟ್ಟಿ ಅದು. ಅದರಲ್ಲಿ 5ನೇದು ಮತ್ತು 197ನೇದು ನೋಡಬೇಕು. 5 ಅಂದರೆ ಕೆಟ್ಟುಹೋಗಿ ಬದಲಾಯಿಸಿಕೊಂಡ ಜಾಗಗಳು. 197 ಅಂದರೆ ಓದಲು ಕಷ್ಟವಾಗುತ್ತಿರುವ ಜಾಗಗಳು. 197 ಸೊನ್ನೆ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಡಿಸ್ಕನ್ನು ತೆರೆದು ಬೇಕಾದ ಫೋಲ್ಡರ್ ಎಳೆದುಕೊಳ್ಳೋಣ ಅನ್ನಿಸುತ್ತದೆ. ಮಾಡಬಾರದು. ಮೊದಲು ಇಡೀ ಡಿಸ್ಕಿನ ನಕಲು. ಅದಕ್ಕೆ ಡಿಡಿರೆಸ್ಕ್ಯೂ ಅನ್ನುವ ಪುಕ್ಕಟೆ ತಂತ್ರಾಂಶ ಇದೆ, ಗ್ನೂ ಯೋಜನೆಯದ್ದು. ಅದರ ಜಾಣತನ ನನಗೆ ತುಂಬಾ ಇಷ್ಟ. ಸುಲಭವಾಗಿ ಓದಲು ಬರುವ ಜಾಗಗಳನ್ನೆಲ್ಲ ಮೊದಲು ನಕಲು ಮಾಡಿಕೊಳ್ಳುತ್ತದೆ. ಎಲ್ಲಿ ಡಿಸ್ಕ್ ತಡವರಿಸುತ್ತದೋ ಆ ಜಾಗ ಬಿಟ್ಟು ಮುಂದೆ ಹೋಗುತ್ತದೆ. ಬಿಟ್ಟದ್ದನ್ನೆಲ್ಲ ಒಂದು ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತದೆ. ಒಳ್ಳೆಯದೆಲ್ಲ ಸೇರಿದ ಮೇಲೆ ವಾಪಸ್ ಬಂದು ಬಿಟ್ಟ ಜಾಗಗಳನ್ನು ಚೂರುಚೂರಾಗಿ ಕೆದಕುತ್ತದೆ. ಮಧ್ಯೆ ಕರೆಂಟ್ ಹೋದರೂ ಮ್ಯಾಪ್ ಫೈಲ್ ನೋಡಿ ನಿಂತಲ್ಲಿಂದ ಮುಂದುವರಿಯುತ್ತದೆ. ಸಾಯುತ್ತಿರುವ ಡಿಸ್ಕಿಗೆ ಇನ್ನೆಷ್ಟು ಹೊತ್ತಿನ ಆಯುಸ್ಸು ಅಂತ ಯಾರಿಗೂ ಗೊತ್ತಿರಲ್ಲ. ಅದಕ್ಕೇ ಈ ಕ್ರಮ. ಪರದೆಯ ಮೇಲೆ ಆ ಸಂಖ್ಯೆ ಏರೋದನ್ನೇ ನೋಡುತ್ತಾ ಕೂತಿದ್ದೆ. ರಾತ್ರಿ ಎದ್ದೆದ್ದು ಬಂದು ನೋಡಿದೆ. ಕೊನೆಗೆ ಓದಲು ಬಾರದೇ ಉಳಿದದ್ದು ತೀರಾ ಸ್ವಲ್ಪ.

ಆಮೇಲಿನದು ಸುಲಭ. ಹಳೆಯ ಡಿಸ್ಕನ್ನು ಕವರಿಗೆ ಹಾಕಿ ಎತ್ತಿಟ್ಟೆ. ನಕಲಿನ ಮೇಲೆ ಎಂಡಿಎಡಿಎಂ ಅನ್ನುವ ಲಿನಕ್ಸ್ ಆಜ್ಞೆಯಿಂದ, ಬರೆಯಲು ಬಿಡದೆ ಓದಲು ಮಾತ್ರ ಬರುವ ಹಾಗೆ ರೇಡ್ ಜೋಡಿಸಿದೆ. ಡಿಸ್ಕನ್ನು ಪಾರ್ಟಿಷನ್ ಅನ್ನುವ ಭಾಗಗಳಾಗಿ ಮಾಡಿರುತ್ತಾರೆ. ಮೊದಲೆರಡು ಚಿಕ್ಕ ಪಾರ್ಟಿಷನ್‌ಗಳಲ್ಲಿ ಇದ್ದದ್ದು ಡಬ್ಬಿಯ ಸ್ವಂತ ಸಾಮಾನು. ದೊಡ್ಡದರಲ್ಲಿ ಚಿಕ್ಕಪ್ಪನ ಫೋಲ್ಡರ್‌ಗಳು, ಅವರೇ ಇಟ್ಟ ಹೆಸರುಗಳಲ್ಲಿ, ಪ್ರಸಂಗದ ಹೆಸರು, ಊರು, ಇಸವಿ ಸಮೇತ. ಒಂದು ಫೈಲ್ ತೆರೆದೆ. ಸ್ವಲ್ಪ ಹೊತ್ತು ಕ್ಯಾಸೆಟ್ಟಿನ ಸರಸರ ಸದ್ದು. ಆಮೇಲೆ ಚಂಡೆ. ತಕ್ಷಣ ಫೋನ್ ಹಚ್ಚಿ ಸ್ಪೀಕರ್ ಹತ್ತಿರ ಹಿಡಿದೆ. ಚಿಕ್ಕಪ್ಪ ಮಾತಾಡಲಿಲ್ಲ, ಇಡೀ ಪದ ಮುಗಿಯುವ ತನಕ ಕೇಳಿದರು. ಕೆಲವು ವಿಡಿಯೊಗಳು ಮಧ್ಯೆ ಒಡೆದಿವೆ. ಎರಡು ಮೂರು ತೆರೆಯೋದೇ ಇಲ್ಲ. ತಾಳಮದ್ದಳೆ ಪೂರ್ತಿ ಸಿಕ್ಕಿತು.

ನನ್ನ ಸಿಟ್ಟು ಇರೋದು ಇಲ್ಲಿ. ಇದೆಲ್ಲ ಗುಟ್ಟಿನ ವಿದ್ಯೆ ಅಲ್ಲ. ಸಿನಾಲಜಿ ಕಂಪನಿ ತನ್ನ ನಾಸ್‌ನ ಡಿಸ್ಕ್‌ಗಳನ್ನು ಉಬುಂಟು (ಲಿನಕ್ಸ್‌ನ ಒಂದು ಬಗೆ) ಇರುವ ಕಂಪ್ಯೂಟರ್‌ಗೆ ಹಾಕಿ ಡೇಟಾ ತೆಗೆಯೋದು ಹೇಗೆ ಅಂತ ತನ್ನ ಸಹಾಯ ಪುಟದಲ್ಲಿ ಬರೆದಿದೆ. ಅದು ಮೆಚ್ಚಬೇಕಾದ್ದೇ. ಆದರೆ ಆ ಪುಟ ಹುಡುಕಿದವರಿಗೆ ಮಾತ್ರ ಸಿಗುತ್ತದೆ. ಗಾಬರಿಯಲ್ಲಿರುವ ಮನುಷ್ಯನಿಗೆ ಎದುರಿಗೆ ಕಾಣೋದು ಡಬ್ಬಿ. ಡಬ್ಬಿಯ ತಳದಲ್ಲಿ ಸೀರಿಯಲ್ ನಂಬರ್ ಇದೆ, ಹತ್ತು ದೇಶಗಳ ಮುದ್ರೆ ಇದೆ. ಒಳಗಿನದು ಲಿನಕ್ಸ್, ಫಾರ್ಮ್ಯಾಟ್ ಮಾಡಬೇಡಿ, ಅನ್ನುವ ಒಂದು ಸಾಲಿಗೆ ಜಾಗ ಇಲ್ಲವಾ?

ವೆಸ್ಟರ್ನ್ ಡಿಜಿಟಲ್ ಕಂಪನಿಯ ಮೈ ಬುಕ್ ಲೈವ್ ಅನ್ನುವ ನಾಸ್ ಕಥೆ ನೆನಪಿದೆಯಾ? ಅದಕ್ಕೆ ಕೊನೆಯ ಫರ್ಮ್‌ವೇರ್ (ಡಬ್ಬಿಯನ್ನು ನಡೆಸುವ ತಂತ್ರಾಂಶ) ಬಂದಿದ್ದು 2015ರಲ್ಲಿ. ಜನ ಮಾತ್ರ ಬಳಸುತ್ತಲೇ ಇದ್ದರು. 2021ರ ಜೂನ್ ಕೊನೆಯಲ್ಲಿ ಯಾರೋ ದೂರದಿಂದ ನುಗ್ಗಿ ಪ್ರಪಂಚದ ಎಷ್ಟೋ ಮನೆಗಳಲ್ಲಿ ಅವನ್ನು ಫ್ಯಾಕ್ಟರಿ ರೀಸೆಟ್ ಮಾಡಿಬಿಟ್ಟರು. ಬೆಳಗ್ಗೆ ಎದ್ದು ನೋಡಿದರೆ ಫೋಲ್ಡರ್‌ಗಳೆಲ್ಲ ಖಾಲಿ. ಆಮೇಲೆ ಕಂಪನಿ ಡೇಟಾ ತೆಗೆಸಿಕೊಡುವ ಸೇವೆ ಕೊಟ್ಟಿತು, ಅದು ನ್ಯಾಯವೇ. ಆ ಡಬ್ಬಿಯಲ್ಲಿ ಇನ್ನೊಂದು ತೊಡಕಿತ್ತು. ಅದರ ಇಎಕ್ಸ್‌ಟಿ4 ಬರೆದಿದ್ದು 64 ಕೆಬಿ ಬ್ಲಾಕ್‌ಗಳಲ್ಲಿ. ನಮ್ಮ ಮಾಮೂಲಿ ಕಂಪ್ಯೂಟರ್‌ಗಳು ಮೆಮೊರಿಯನ್ನು ಪುಟಗಳಾಗಿ ಹಂಚಿಕೊಳ್ಳುತ್ತವೆ, ಆ ಪುಟದ ಅಳತೆ 4 ಕೆಬಿ. ಹಾಗಾಗಿ ಡಿಸ್ಕ್ ಪೂರ್ತಿ ಗಟ್ಟಿಯಾಗಿದ್ದರೂ ಆಗಿನ ಲಿನಕ್ಸ್ ಕೂಡ ಅದನ್ನು ನೇರವಾಗಿ ತೆರೆಯುತ್ತಿರಲಿಲ್ಲ. ಫ್ಯೂಸ್-ಇಎಕ್ಸ್‌ಟಿ2 ಅನ್ನುವ ಅಡ್ಡದಾರಿ ಹಿಡಿಯಬೇಕಿತ್ತು. ಇದನ್ನು ಗೊತ್ತುಮಾಡಿಕೊಂಡು ಒಬ್ಬರಿಗೊಬ್ಬರು ಹೇಳಿಕೊಟ್ಟದ್ದು ಬಳಸುವ ಜನ.

ಇಂಟೆಲ್‌ನ ಆಟಮ್ ಸಿ2000 ಚಿಪ್‌ನ ದೋಷ 2017ರಲ್ಲಿ ಬಯಲಾಯಿತಲ್ಲ, ಅದೂ ಇದೇ ಜಾತಿ. ಚಿಪ್‌ನಿಂದ ಹೊರಡುವ ಕ್ಲಾಕ್ ಸಂಕೇತ, ಅಂದರೆ ಕೆಲಸಕ್ಕೆ ತಾಳ ಹಾಕುವ ಮಿಡಿತ, ಕ್ರಮೇಣ ಕ್ಷೀಣಿಸಿ ನಿಂತುಹೋಗುತ್ತಿತ್ತು. ಸಿನಾಲಜಿಯ ಡಿಎಸ್415+ನಂಥ ಡಬ್ಬಿಗಳು ಒಂದು ದಿನ ಏಳುತ್ತಲೇ ಇರಲಿಲ್ಲ. ಡಿಸ್ಕ್‌ಗಳಿಗೆ ಏನೂ ಆಗಿರಲಿಲ್ಲ. ಬೆಸುಗೆ ಬಲ್ಲವರು ಬೋರ್ಡಿಗೆ ಒಂದು ಪುಟ್ಟ ರೆಸಿಸ್ಟರ್ ಹಾಕಿ ಎಬ್ಬಿಸಿಕೊಂಡರು. ಅದಕ್ಕಿಂತ ಸಣ್ಣ ಕಾರಣವೂ ಇರುತ್ತದೆ. ದೀಪ ಮಿಣುಕುತ್ತಾ, ಡಿಸ್ಕ್ ತಿರುಗಲು ಹೋಗಿ ನಿಲ್ಲುತ್ತಾ ಇದ್ದರೆ ಎಷ್ಟೋ ಸಲ ಹೋಗಿರೋದು 12 ವೋಲ್ಟಿನ ಅಡಾಪ್ಟರ್ ಮಾತ್ರ. ಅದೇ ವೋಲ್ಟು, ಅಷ್ಟೇ ಅಥವಾ ಹೆಚ್ಚು ಆಂಪಿಯರ್ ಇರುವ ಇನ್ನೊಂದು ಹಾಕಿ ನೋಡಿ.

ಡಿಸ್ಕ್ ಟಕ್ ಟಕ್ ಅಂತ ಬಡಿಯುತ್ತಿದ್ದರೆ ಮಾತು ಬೇರೆ. ಆಗ ಮನೆಯಲ್ಲಿ ಏನೂ ಮಾಡಬೇಡಿ. ಓದುವ ಹೆಡ್, ಡಿಸ್ಕಿನ ಒಳಗೆ ತಿರುಗುವ ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಮೇಲೆ ತೇಲುತ್ತಿರುತ್ತದೆ. ಹೆಡ್ ಕೆಟ್ಟಿದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ತಟ್ಟೆ ಕೆರೆಯಬಹುದು. ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆ ಅನ್ನೋದನ್ನು ನಂಬಲೇಬೇಡಿ, ಹೊರಗೆ ತೆಗೆದಾಗ ತಟ್ಟೆಯ ಮೇಲೆ ನೀರು ಕೂರುತ್ತದೆ. ಅದೇ ಮಾಡೆಲ್ಲಿನ ಇನ್ನೊಂದು ಡಿಸ್ಕಿನ ಸರ್ಕ್ಯೂಟ್ ಬೋರ್ಡ್ ತಂದು ಬದಲಾಯಿಸೋದೂ ಸುಮ್ನೆ ಆಗಲ್ಲ. ಈಗಿನ ಡಿಸ್ಕ್‌ಗಳಲ್ಲಿ ಆ ಡಿಸ್ಕಿಗಷ್ಟೇ ಹೊಂದುವ ವಿವರ ಬೋರ್ಡಿನ ರೋಮ್ ಚಿಪ್‌ನಲ್ಲಿ ಇರುತ್ತದೆ, ಅದನ್ನೂ ಕಿತ್ತು ಹಾಕಬೇಕು. ಚಿಕ್ಕಪ್ಪನ ತಿರುಗದ ಡಿಸ್ಕನ್ನು ನಾನು ಮುಟ್ಟಲಿಲ್ಲ, ಇನ್ನೊಂದು ಸಿಕ್ಕಿದ್ದರಿಂದ ಅದರ ಅಗತ್ಯ ಬರಲಿಲ್ಲ. ಬೇಕಾಗಿದ್ದರೆ ಕ್ಲೀನ್ ರೂಮ್ ಇರುವವರ ಹತ್ತಿರ ಕೊಡಬೇಕಿತ್ತು. ಕ್ಲಾಸ್ 100 ಅನ್ನುವ ಕೋಣೆಯಲ್ಲಿ ಒಂದು ಘನ ಅಡಿ ಗಾಳಿಗೆ ಅರ್ಧ ಮೈಕ್ರಾನ್ ಅಥವಾ ಅದಕ್ಕಿಂತ ದೊಡ್ಡ ಕಣ 100ಕ್ಕಿಂತ ಜಾಸ್ತಿ ಇರೋ ಹಾಗಿಲ್ಲ. ಅಂಗಡಿಯ ಟೇಬಲ್ ಮೇಲೆ ಫ್ಯಾನ್ ಕೆಳಗೆ ಡಿಸ್ಕಿನ ಮುಚ್ಚಳ ಬಿಚ್ಚುವವರ ಕೈಗೆ ದಯವಿಟ್ಟು ಕೊಡಬೇಡಿ. ಕೊಡೋ ಮೊದಲು ಕೇಳಿ: ಮೊದಲು ನಕಲು ಮಾಡುತ್ತೀರಾ, ಡೇಟಾ ಸಿಗದಿದ್ದರೆ ಎಷ್ಟು ದುಡ್ಡು, ಡಿಸ್ಕ್ ವಾಪಸ್ ಕೊಡುತ್ತೀರಾ. ಉತ್ತರ ತೇಲಿಸಿದರೆ ಎದ್ದು ಬನ್ನಿ.

ಚಿಕ್ಕಪ್ಪನ ಮನೆಯಲ್ಲಿ ಈಗ ಹೊಸ ನಾಸ್ ಇದೆ. ಅದರ ಪ್ರತಿ ಒಂದು ಬಿಡಿ ಯುಎಸ್‌ಬಿ ಡಿಸ್ಕಿನಲ್ಲಿ, ಯಾವಾಗಲೂ ತಂತಿ ಕಿತ್ತಿಟ್ಟು. ಇನ್ನೊಂದು ಬೆಂಗಳೂರಿನಲ್ಲಿ ನನ್ನ ಹತ್ತಿರ. ಮಳೆ ಕಟ್ಟಿದರೆ ಚಿಕ್ಕಮ್ಮನೇ ಹೋಗಿ ನಾಸ್ ಸರಿಯಾಗಿ ಆಫ್ ಮಾಡಿ, ಕರೆಂಟ್ ಮತ್ತು ನೆಟ್‌ವರ್ಕ್ ತಂತಿ ಎರಡನ್ನೂ ತೆಗೆಯುತ್ತಾರೆ. ನೆಟ್‌ವರ್ಕ್ ತಂತಿಯಿಂದಲೂ ಸಿಡಿಲು ಒಳಗೆ ಬರುತ್ತದೆ, ಇದನ್ನು ತುಂಬಾ ಜನ ಮರೆಯುತ್ತಾರೆ. ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿದ್ದೇವೆ, ಕನ್ನಡದಲ್ಲಿ: ಎಷ್ಟು ಡಿಸ್ಕ್, ಯಾವ ರೇಡ್, ಯಾವ ಫೈಲ್ ಸಿಸ್ಟಮ್, ಎನ್‌ಕ್ರಿಪ್ಷನ್ (ಡೇಟಾಕ್ಕೆ ಹಾಕಿದ ಬೀಗ) ಇದೆಯೋ ಇಲ್ಲವೋ, ಇದ್ದರೆ ಕೀ ಎಲ್ಲಿದೆ, ಯಾರಿಗೆ ಫೋನ್ ಮಾಡಬೇಕು.

ನಿಮ್ಮ ಮನೆಯ ಅಟ್ಟದ ಮೇಲೆ ಹೀಗೆ ಸತ್ತುಬಿದ್ದ ಡಬ್ಬಿ ಇದ್ದರೆ ಗುಜರಿಗೆ ಹಾಕಬೇಡಿ. ಮಾಡೆಲ್ ಯಾವುದು, ಒಳಗೆ ಎಷ್ಟು ಡಿಸ್ಕ್, ಆನ್ ಮಾಡಿದಾಗ ಕೊನೆಯ ಸಲ ಏನಾಯಿತು ಅಂತ ಕೆಳಗೆ ಕಾಮೆಂಟಿನಲ್ಲಿ ಬರೆಯಿರಿ. ಗೊತ್ತಿರುವಷ್ಟು ಹೇಳುತ್ತೇನೆ. ನನಗಿಂತ ಚೆನ್ನಾಗಿ ಬಲ್ಲವರು ಇದನ್ನು ಓದುವವರಲ್ಲಿ ಇದ್ದಾರೆ, ಅವರೂ ಹೇಳುತ್ತಾರೆ. ಅಲ್ಲಿಯ ತನಕ ಅದಕ್ಕೆ ಕರೆಂಟ್ ಕೊಡಬೇಡಿ.